ತಾನಾಗಿ ಹೋದ ವಸ್ತುಗಳು

ಸೂಡಗೇರಿ ಗಣತಿಮನೆ
ಫೆಬ್ರವರಿ 30, 2291

ಹಿಂದಿನವರಿಗೆ ನಮಸ್ಕಾರ.

ತಾರೀಖು ನೋಡಿ, ಕೈತಪ್ಪಿ ಬರೆದಿದ್ದಾಳೆ ಎಂದುಕೊಳ್ಳಬೇಡಿ. ಫೆಬ್ರವರಿಗೆ ಅನ್ಯಾಯವಾಗಿದೆಯೆಂದು ನಮ್ಮ ಮುತ್ತಜ್ಜಂದಿರ ಕಾಲದಲ್ಲಿ ದೊಡ್ಡ ಚಳವಳಿ ನಡೆದು, ಜನವರಿಯಿಂದ ಒಂದು ದಿನ, ಮಾರ್ಚಿಯಿಂದ ಒಂದು ದಿನ ಕಿತ್ತು ಅದಕ್ಕೆ ಕೊಟ್ಟರು. ಇದೇ ರೀತಿ ಇನ್ನು ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಬಹುದು. ಆದಷ್ಟು ವಿವರಿಸುತ್ತಾ ಹೋಗುತ್ತೇನೆ. ಎಲ್ಲಾದರೂ ಮರೆತರೆ ಕ್ಷಮಿಸಿ.

ನನ್ನ ಹೆಸರು ನೀಲಗಂಗಾ ಹಾದಿಮನಿ. ಮೂವತ್ತೊಂದು ವರ್ಷ ಈ ಊರಿನ ಅಪರಾಧಗಳನ್ನು ಎಣಿಸುವ ಕೆಲಸ ಮಾಡಿ ಇವತ್ತು ನಿವೃತ್ತಳಾಗುತ್ತಿದ್ದೇನೆ. ನಿವೃತ್ತರಾಗುವ ಸರ್ಕಾರಿ ನೌಕರರಿಗೆ ಒಂದು ಶಾಲು, ಒಂದು ಬುಟ್ಟಿ ಹಣ್ಣು ಮತ್ತು ಒಂದು ಹಿಂದಂಚೆ ಕೊಡುವುದು ನಮ್ಮಲ್ಲಿ ಪದ್ಧತಿ. ಹಿಂದಂಚೆ ಎಂದರೆ ಕಳೆದುಹೋದ ಕಾಲಕ್ಕೆ ಬರೆಯುವ ಕಾಗದ. ಅದಕ್ಕೆ ಉತ್ತರ ಬರುವುದಿಲ್ಲ. ಹೆಚ್ಚಿನವರು ತಮ್ಮ ಅಜ್ಜನಿಗೆ ಬರೆದು, ಅಜ್ಜಿಯನ್ನು ಮದುವೆಯಾಗಬೇಡ ಎನ್ನುತ್ತಾರೆ. ಅಂಥ ಕಾಗದಗಳನ್ನು ಬರೆದವರ ಹಿತದೃಷ್ಟಿಯಿಂದ ಅಂಚೆಯವರು ತಡೆಹಿಡಿಯುತ್ತಾರೆ. ನಾನು ಯಾರ ಮದುವೆಗೂ ಅಡ್ಡ ಬರುವವಳಲ್ಲ. ಇಪ್ಪತ್ತೆಂಟು ವರ್ಷಗಳ ಹಿಂದೆ ನಮ್ಮೂರಿನಲ್ಲಿ ಒಂದು ಕುಂಟು ಹುಂಜ ಕಳವಾದ ಕಥೆಯನ್ನು ನಿಮಗೆ ಹೇಳಬೇಕಾಗಿದೆ.

ಮೊದಲು ನಮ್ಮ ಕಾನೂನು ತಿಳಿಯಬೇಕು. ಮನುಷ್ಯ ಯಾಕೆ ಕದಿಯುತ್ತಾನೆ ಎಂದು ನಿಮ್ಮ ಕಾಲದ ಪಂಡಿತರು ಬಹಳ ಜಗಳವಾಡಿದರಂತೆ. ಜಗಳ ನೂರಾರು ವರ್ಷ ಮುಗಿಯದೆ, ಕಡೆಗೆ ಕಾನೂನಾಗಿಯೇ ಬಂದು ನಮ್ಮ ತಲೆಯ ಮೇಲೆ ಕೂತಿತು. ಅದರ ಹೆಸರು ಕಾರಣ ಕಾಯ್ದೆ. ಕದ್ದವನನ್ನು ಶಿಕ್ಷಿಸಿ ಫಲವಿಲ್ಲ, ಅವನು ಬರೀ ಪರಿಣಾಮ, ಕದಿಯಲು ಕಾರಣವಾದದ್ದನ್ನು ತಿದ್ದಬೇಕು ಎಂಬುದು ಅದರ ಸಾರ. ಕೇಳಲು ಎಷ್ಟು ಚೆನ್ನಾಗಿದೆ ನೋಡಿ. ಕಾರಣ ರಕ್ತದಲ್ಲಿದೆ ಎಂದಾದರೆ ಕದ್ದವನ ಮನೆತನದ ಹೆಸರಿನ ಮುಂದೆ ಮೂರು ತಲೆಮಾರಿಗೆ ಕಪ್ಪು ಚುಕ್ಕೆ ಇಡುತ್ತಾರೆ. ಕಾರಣ ಸಹವಾಸ ಎಂದಾದರೆ ಅವನ ಗೆಳೆಯರನ್ನು ಒಬ್ಬೊಬ್ಬರನ್ನಾಗಿ ಬೇರೆ ಬೇರೆ ಊರಿಗೆ ಕಳಿಸುತ್ತಾರೆ. ಕದಿಯಲು ಸಂದು ಸಿಕ್ಕಿದ್ದೇ ಕಾರಣ ಎಂದಾದರೆ, ಆ ಸಂದು ಬಿಟ್ಟವರು, ಅಂದರೆ ವಸ್ತು ಕಳೆದುಕೊಂಡವರು, ಪರವೂರಿನಲ್ಲಿ ನಲವತ್ತು ದಿನ ಬಾಗಿಲು ತರಗತಿಗೆ ಹೋಗಿ ಬಾಗಿಲು ಹಾಕುವುದನ್ನು ಕಲಿಯಬೇಕು. ಕದ್ದವನು ಮಾತ್ರ ಮನೆಯಲ್ಲೇ ಇರಬಹುದು.

ಇದರ ಫಲವಾಗಿ ನಮ್ಮೂರಿನಲ್ಲಿ ಕಳವು ನಿಂತೇಹೋಯಿತು. ದಾಖಲೆಯಲ್ಲಿ, ಅಂದರೆ. ಯಾರೂ ಬಂದು ‘ಕಳವು’ ಎಂಬ ಪದವನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಗಣತಿಮನೆಯ ದೊಡ್ಡ ಪುಸ್ತಕದಲ್ಲಿ ಎರಡು ಕಾಲಂ ಇದ್ದವು. ಒಂದು, ಕಳವಾದ ವಸ್ತುಗಳು. ಇನ್ನೊಂದು, ತಾನಾಗಿ ಹೋದ ವಸ್ತುಗಳು. ಮೊದಲನೆಯ ಕಾಲಂ ಹನ್ನೊಂದು ವರ್ಷದಿಂದ ಶೂನ್ಯ. ಎರಡನೆಯದರಲ್ಲಿ ಹುಂಜ ಹೋದ ಆ ಒಂದೇ ವರ್ಷ ಆರುನೂರ ಹನ್ನೊಂದು. ಸೈಕಲ್ಲುಗಳು ತಾವಾಗಿ ಹೋಗಿದ್ದವು. ಅವಕ್ಕಾದರೂ ಚಕ್ರವಿದೆ. ಕುಕ್ಕರುಗಳು ಹೋಗಿದ್ದವು. ಒಣಗಹಾಕಿದ ಹಪ್ಪಳ ಮಂಚದ ಸಮೇತ ಹೋಗಿತ್ತು. ನೆರಳೋಣಿಯಲ್ಲಿ, ಅಂದರೆ ಬಿಸಿಲು ತಾಳಲಾರದೆ ಮೇಲೆ ಬಟ್ಟೆಯ ಚಪ್ಪರ ಹಾಕಿದ ಓಣಿಯಲ್ಲಿ, ಚಪ್ಪರದ ಎರಡು ಮಾರು ಬಟ್ಟೆ ಆಗಾಗ ಹೋಗುತ್ತಿತ್ತು. ಒಬ್ಬ ದರ್ಜಿಯ ಅಂಗಡಿಯಿಂದ ಬಾಗಿಲೇ ಎದ್ದು ಹೋಗಿತ್ತು. ಅದನ್ನೂ ನಾನು ಗಂಭೀರವಾಗಿಯೇ ಬರೆದುಕೊಂಡಿದ್ದೆ.

ನಮ್ಮ ಮುಖ್ಯ ಗಣಕರು ಅಡಿವೆಪ್ಪ ಸಾಹೇಬರು. ಹನ್ನೆರಡು ವರ್ಷ ಶೂನ್ಯ ಕಾಯ್ದುಕೊಂಡ ಊರಿಗೆ ಸರ್ಕಾರ ಕೊಡುವ ಶೂನ್ಯ ಕಲಶಕ್ಕಾಗಿ ಅವರು ಕಚೇರಿಯಲ್ಲಿ ಆಗಲೇ ಒಂದು ಮರದ ಗೂಡು ಕೆತ್ತಿಸಿ, ಅದಕ್ಕೆ ದಿನಾ ಒಂದು ಹೂ ಇಡುತ್ತಿದ್ದರು. ಒಳ್ಳೆಯ ಮನುಷ್ಯ. ಸಂಜೆ ಐದಕ್ಕೆ ಕಚೇರಿ ಮುಚ್ಚಿ, ನೆರಳೋಣಿಯ ಕಟ್ಟೆಗೆ ಹೋಗಿ ಮೂವರು ಹಳೆಯ ಗೆಳೆಯರೊಂದಿಗೆ ಪಗಡೆ ಆಡುವುದು ಅವರ ಏಕೈಕ ಚಟ. ಆ ಗೆಳೆಯರಲ್ಲಿ ಒಬ್ಬರು ಯಮನಪ್ಪ ಮಾಸ್ತರರು. ನನಗೆ ಮಗ್ಗಿ ಕಲಿಸಿದವರು, ಆಗಲೇ ಎಪ್ಪತ್ತು ದಾಟಿದವರು. ಮೊಮ್ಮಗಳು ಶರಾವತಿ ಎಂಬುವಳೊಬ್ಬಳೇ ಅವರ ಜೊತೆಗಿದ್ದಳು. ಅವಳ ಮದುವೆ ಗೊತ್ತಾಗಿತ್ತು.

ಮಾಸ್ತರರ ಪಕ್ಕದ ಮನೆ ಫಕೀರವ್ವನದು. ಹುಂಜ ಅವಳದು. ಆ ವರ್ಷದ ನವೆಂಬರಿನ ಒಂದು ಬೆಳಿಗ್ಗೆ ಅವಳು ಗಣತಿಮನೆಗೆ ಬಂದು ನನ್ನ ಮೇಜಿನ ಮುಂದೆ ನಿಂತಳು.

“ನನ್ನ ಹುಂಜ ಕಾಣವಲ್ದು ತಂಗಿ,” ಎಂದಳು.

ನಾನು ಎರಡನೆಯ ಕಾಲಂ ತೆರೆದು, “ಯಾವಾಗ ಹೋತು ಆಯಿ?” ಎಂದೆ.

“ಹೋಗಿಲ್ಲ. ಒಯ್ದಾರ.”

“ಇಲ್ಲಿ ಹಂಗ ಬರಿಯೂದಿಲ್ಲ. ತಾನಾಗಿ ಹೋತು ಅಂತ ಬರೀತೀವಿ.”

“ಅದಕ್ಕ ಒಂದ ಕಾಲು ಕುಂಟು. ಅಂಗಳದಿಂದ ಪಡಸಾಲಿಗೆ ಬರಬೇಕಂದ್ರ ಎರಡ ಸಲ ಕುಂದರತೈತಿ. ಅದು ತಾನಾಗಿ ಎಲ್ಲಿಗ ಹೋದೀತು? ಕಳವಾಗೇತಿ. ಬರಿ, ಕಳವು.”

ಆ ಪದವನ್ನು ಆ ಕೋಣೆಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಒಳಗಿನಿಂದ ಅಡಿವೆಪ್ಪ ಸಾಹೇಬರು ಒಂದೇ ಕಾಲಿಗೆ ಚಪ್ಪಲಿ ಮೆಟ್ಟಿ ಓಡಿಬಂದರು. “ಫಕೀರವ್ವಾರ, ಕುಂದರ್ರಿ, ಚಾ ಕುಡೀರಿ. ನಾ ಬ್ಯಾರೆ ಹುಂಜ ತಂದ ಕೊಡ್ತೀನಿ, ಎರಡೂ ಕಾಲು ನೆಟ್ಟಗ ಇದ್ದದ್ದು,” ಎಂದರು. ಫಕೀರವ್ವ ಕೂರಲಿಲ್ಲ. “ನಂಗ ನಂದ ಬೇಕ್ರಿ ಸಾಹೇಬ್ರ,” ಎಂದಳು. ಆ ಪದವನ್ನು ಹೇಳಿದವರ ಎದುರಿಗೇ ಬರೆಯಬೇಕು ಎಂದು ನಿಯಮವಿತ್ತು. ನನಗಾಗ ಕೆಲಸಕ್ಕೆ ಸೇರಿ ಮೂರೇ ವರ್ಷ, ನಿಯಮಗಳ ಮೇಲೆ ಇನ್ನೂ ಭಕ್ತಿಯಿತ್ತು. ಮೊದಲ ಕಾಲಂನಲ್ಲಿ ಒಂದು ಎಂದು ಬರೆದೆ. ಸಾಹೇಬರು ಆ ಒಂದನ್ನು ಬಹಳ ಹೊತ್ತು ನೋಡಿ, ಹೋಗಿ ಗೂಡಿನಲ್ಲಿದ್ದ ಹೂ ತೆಗೆದುಬಿಟ್ಟರು.

ನಾಲ್ಕನೆಯ ದಿನ ರಾಜಧಾನಿಯಿಂದ ಕಾರಣ ಮಂಡಳಿ ಬಂದಿಳಿಯಿತು. ಮೂವರು. ಅಗಲ ಪೆಟ್ಟಿಗೆ ಹಿಡಿದ ರಕ್ತವಾದಿ, ಯಾವಾಗಲೂ ಏನಾದರೂ ಬರೆದುಕೊಳ್ಳುವ ಸಂಗವಾದಿ ಬಾಯಿಯವರು, ಮೂವರಲ್ಲಿ ಇವರೊಬ್ಬರೇ ಹೆಂಗಸು, ಮತ್ತು ಹೊಟ್ಟೆ ಮುಂದೆ, ತಾವು ಹಿಂದೆ ಬರುವ ಸಂದುವಾದಿ. ಹನ್ನೊಂದು ವರ್ಷದ ಶೂನ್ಯದ ಊರಿನಲ್ಲಿ ಸಿಕ್ಕ ಒಂದೇ ಒಂದು ಅಪರಾಧವಾದ್ದರಿಂದ ಮೂವರೂ ಮದುವೆಗೆ ಬಂದವರಷ್ಟು ಸಂತೋಷದಲ್ಲಿದ್ದರು.

ಅವರನ್ನು ನೆರಳೋಣಿಗೆ ಕರೆದೊಯ್ದೆವು. ಫಕೀರವ್ವನ ಅಂಗಳದಲ್ಲಿ ನಿಂತು ಸಂದುವಾದಿ ಬೇಲಿ ಅಳೆಯುತ್ತಿರುವಾಗ ಪಕ್ಕದ ಮನೆಯೊಳಗಿನಿಂದ ಹುಂಜ ಕೂಗಿತು. ಸ್ಪಷ್ಟವಾಗಿ, ಉದ್ದಕ್ಕೆ ಕೂಗಿತು. ಕೂಡಲೇ ಎದುರುಮನೆಯ ಮುದುಕ ಕೆಮ್ಮಿದ. ಅವನ ಹೆಂಡತಿ ಕೆಮ್ಮಿದಳು. ಅಡಿವೆಪ್ಪ ಸಾಹೇಬರು ಕೆಮ್ಮಿದರು. ಹುಂಜ ಎರಡನೆಯ ಸಲ ಕೂಗುವಷ್ಟರಲ್ಲಿ ಇಡೀ ಓಣಿ ಕೆಮ್ಮುತ್ತಿತ್ತು.

“ನಿಮ್ಮೂರಿನಲ್ಲಿ ಧೂಳು ಜಾಸ್ತಿ,” ಎಂದರು ಸಂಗವಾದಿ ಬಾಯಿಯವರು, ಮತ್ತು ಅದನ್ನು ಬರೆದುಕೊಂಡರು.

ಫಕೀರವ್ವ ಮಾತ್ರ ಕೆಮ್ಮಲಿಲ್ಲ. ಮಾಸ್ತರರ ಮನೆಯ ಗೋಡೆಯನ್ನೇ ನೋಡುತ್ತ ನಿಂತಿದ್ದಳು. ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯಿತು. ಯಮನಪ್ಪ ಮಾಸ್ತರರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕಂಕುಳಲ್ಲಿ ಹುಂಜ ಇಟ್ಟುಕೊಂಡು ಹೊರಬಂದರು.

“ನಾನ ಒಯ್ದೀನಿ,” ಎಂದರು. “ಬ್ಯಾರೆ ಯಾರದೂ ತಪ್ಪಿಲ್ಲ.”

“ಸ್ವಲ್ಪ ಪಕ್ಕಕ್ಕೆ ಕೂತುಕೊಳ್ಳಿ ಯಜಮಾನರೇ,” ಎಂದರು ಸಂದುವಾದಿ. “ನಾವು ಕಾರಣ ಹುಡುಕುತ್ತಿದ್ದೇವೆ.”

ಮುಂದಿನ ಮೂರು ವಾರ ಮಾಸ್ತರರು ಹಾಗೆಯೇ ಪಕ್ಕಕ್ಕೆ ಕೂತಿದ್ದರು. ರಕ್ತವಾದಿ ಅವರ ಮನೆಯ ಗೋಡೆಯ ಮೇಲಿದ್ದ ಹಿರಿಯರ ಚಿತ್ರಗಳನ್ನೆಲ್ಲ ಇಳಿಸಿ, ಕಿವಿಗಳನ್ನು ಅಳೆದರು. ಮುತ್ತಜ್ಜನೊಬ್ಬನ ಎಡಕಿವಿ ಬಲಕಿವಿಗಿಂತ ಕೆಳಗಿತ್ತು. ಚಿತ್ರವೇ ಓರೆಯಾಗಿ ಅಂಟಿದೆ ಎಂದು ಶರಾವತಿ ಹೇಳಿದರೂ ಕೇಳದೆ, ಅದನ್ನು ಪೆಟ್ಟಿಗೆಯಲ್ಲಿ ಹಾಕಿಕೊಂಡರು. ಸಂಗವಾದಿ ಬಾಯಿಯವರು ಪಗಡೆಕಟ್ಟೆಯ ಪಕ್ಕ ಏಳು ಸಂಜೆ ಕೂತು, ನಾಲ್ವರಲ್ಲಿ ಮೂವರು ಕಾಯಿ ನಡೆಸುವಾಗ ಮೋಸ ಮಾಡುತ್ತಾರೆಂದು ಕಂಡುಹಿಡಿದರು. ಅದು ನಾಲ್ವರಿಗೂ ಮೊದಲೇ ಗೊತ್ತಿತ್ತು. ನಾಲ್ಕನೆಯವರು ಮೋಸ ಮಾಡದಿರುವುದು ಅವರಿಗೆ ಕಣ್ಣು ಕಾಣದ್ದರಿಂದ. ಸಂದುವಾದಿ, ಕಳ್ಳ ಬೇಲಿಯ ಸಂದಿನಿಂದಲೇ ನುಗ್ಗಿದ್ದಾನೆಂದು ಸಾಧಿಸಲು ತಾವೇ ನುಗ್ಗಿ ನಡುವೆ ಸಿಕ್ಕಿಕೊಂಡರು. ಅತ್ತಕಡೆಯಿಂದ ಇಬ್ಬರು ದೂಡಿ, ಇತ್ತಕಡೆಯಿಂದ ಫಕೀರವ್ವ ಎಳೆದು ಬಿಡಿಸಬೇಕಾಯಿತು. ಮಾಸ್ತರರು ಎದುರಿನ ಗೇಟಿನಿಂದ ಹೋಗಿದ್ದರು. ಅದಕ್ಕೆ ಚಿಲಕವೇ ಇರಲಿಲ್ಲ.

ಒಮ್ಮತ ಬರಲಿಲ್ಲ. ಕಡೆಗೆ ಮೂವರೂ ಒಬ್ಬರ ಮುಖ ಒಬ್ಬರು ನೋಡಲಾರದೆ ರಾಜಿ ಮಾಡಿಕೊಂಡರು. ಮೂರೂ ಕಾರಣ ಹೌದು, ಮೂರೂ ತಿದ್ದುಪಡಿ ಆಗಲಿ. ಶರಾವತಿಯ ಹೆಸರಿನ ಮುಂದೆ ಕಪ್ಪು ಚುಕ್ಕೆ. ಪಗಡೆಯ ಉಳಿದ ಮೂವರು ಮೂರು ಊರಿಗೆ. ಫಕೀರವ್ವ ನಲವತ್ತು ದಿನ ಬಾಗಿಲು ತರಗತಿಗೆ. ಬರುವ ಸೋಮವಾರ ಬಯಲು ಸಭೆಯಲ್ಲಿ ಓದಿ ಹೇಳುವುದು ಎಂದು ಗೊತ್ತಾಯಿತು. ಸುದ್ದಿ ಹರಡಿದ ದಿನವೇ ಶರಾವತಿಯ ಮದುವೆ ಮುರಿದು, ಗಂಡಿನ ಕಡೆಯವರು ತಾಂಬೂಲದ ತಟ್ಟೆಯನ್ನು ಬಾಗಿಲಲ್ಲಿಟ್ಟು ಹೋದರು. ಅವಳು ಆ ತಟ್ಟೆಯನ್ನು ಎತ್ತಿಕೊಂಡು ಒಳಗೆ ಹೋದದ್ದನ್ನು ನಾನು ನೋಡಿದೆ. ಅದುವರೆಗೆ ನನಗೆ ಇದೆಲ್ಲ ಒಂದು ತಮಾಷೆಯಾಗಿತ್ತು. ಆ ಪದ ಬರೆದವಳು ನಾನು ಎಂಬುದು ಆಗ ಅರಿವಾಯಿತು.

ಮರುದಿನ ಮಾಸ್ತರರ ಮನೆಗೆ ಹೋದೆ. ಅವರು ಸುದ್ದಿಹಾಳೆ ಮಡಚಿಟ್ಟುಕೊಂಡು ಸುಮ್ಮನೆ ಕೂತಿದ್ದರು.

“ಸರ್, ಯಾಕ ಒಯ್ದ್ರಿ?” ಎಂದೆ.

ಅವರು ನನ್ನನ್ನು ನೋಡಿದರು. “ಮೂರ ವಾರದಾಗ ನೀನ ಮೊದಲನೇದಾಕಿ ನೋಡು ಕೇಳಿದಾಕಿ,” ಎಂದರು. “ದಿನಾ ಮುಂಜಾನೆ ಪಡಸಾಲ್ಯಾಗ ಕುಂತು ಸುದ್ದಿ ಓದ್ತೀನಿ. ಜೋರಾಗಿ ಓದೂ ರೂಢಿ, ಸಾಲ್ಯಾಗ ಬಿದ್ದದ್ದು. ಶರಾವತಿಗೆ ಪುರಸತ್ತಿಲ್ಲ. ಆ ಹುಂಜ ಬಂದು ನಿಂದರತಿತ್ತು. ಹವಾಮಾನ ಮುಗಿಯೂ ತನಕ ಅಲುಗಾಡತಿರಲಿಲ್ಲ. ಅವತ್ತು ಫಕೀರವ್ವ ಯಾರಿಗೋ ಹೇಳ್ತಿದ್ದಳು, ಐತವಾರ ತಮ್ಮ ಬರ್ತಾನ, ಹುಂಜ ಕೊಯ್ಬೇಕು ಅಂತ.”

“ಒಂದ ಮಾತು ಕೇಳಿದ್ರ ಆಕಿ ಕೊಡತಿದ್ದಳಲ್ರಿ.”

“ಕೊಡತಿದ್ದಳು. ಏನಂತ ಕೇಳಲಿ? ನನ್ನ ಮಾತ ಕೇಳಾಕ ಬ್ಯಾರೆ ಯಾರೂ ಇಲ್ಲ, ನಿನ್ನ ಹುಂಜ ಕೊಡು ಅಂತನ? ನಾಚಿಕಿ ಆತು. ಕಳವು ಮಾಡೂದು ಹಗುರ ಅನಿಸ್ತು.”

ಫಕೀರವ್ವನಿಗೆ ಇದನ್ನು ಹೇಳಿದಾಗ ಅವಳು ಸೊಪ್ಪು ಸೋಸುವುದನ್ನು ನಿಲ್ಲಿಸಿದಳು. “ನನ್ನ ತಮ್ಮಗ ಕೋಳಿ ಆಗಿ ಬರಂಗಿಲ್ಲ,” ಎಂದಳು. “ಕೊಯ್ಬೇಕು ಅಂದದ್ದು ಬೇಲಿ ಮ್ಯಾಲಿನ ಕುಂಬಳಕಾಯಿ. ಮಾಸ್ತರಗ ಕಿವಿ ಮಂದ.” ಆಮೇಲೆ ಸೊಪ್ಪು ಪಕ್ಕಕ್ಕೆ ಸರಿಸಿ, “ನಾನ ಆ ಪದ ಅಂದೆ. ಈಗ ಆ ಹುಡುಗಿ ಮದುವಿ ಮುರೀತು. ಏನರ ಹಾದಿ ಐತೇನ ತಂಗಿ?” ಎಂದು ಕೇಳಿದಳು.

ಹಾದಿ ಒಂದಿತ್ತು. ಅದು ಕಾಯ್ದೆಯ ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿತ್ತು. ಒಂದು ಊರಿನ ಒಂದು ಕಳವಿಗೆ ಕಂಡುಹಿಡಿದ ಕಾರಣವು ಆ ವರ್ಷದಲ್ಲಿ ಆ ಊರಿನಲ್ಲಾದ ಎಲ್ಲ ಕಳವುಗಳಿಗೂ ಅನ್ವಯಿಸತಕ್ಕದ್ದು. ಅಂದರೆ ತಾನಾಗಿ ಹೋದ ಆರುನೂರ ಹನ್ನೊಂದೂ ಕಳವು ಎಂದಾಗಿಬಿಟ್ಟರೆ, ಚುಕ್ಕೆ ಇಲ್ಲದ ಮನೆತನ, ಊರು ಬಿಡಬೇಕಾಗಿಲ್ಲದ ಗೆಳೆಯ, ತರಗತಿಗೆ ಹೋಗಬೇಕಾಗಿಲ್ಲದ ಯಜಮಾನಿ ಸೂಡಗೇರಿಯಲ್ಲಿ ಒಬ್ಬರೂ ಉಳಿಯುವುದಿಲ್ಲ. ಎಲ್ಲರಿಗೂ ಇಟ್ಟ ಚುಕ್ಕೆಯನ್ನು ಯಾರು ನೋಡುತ್ತಾರೆ? ಆದರೆ ವಸ್ತು ಕಳೆದುಕೊಂಡವರೇ ಬಂದು ಆ ಪದವನ್ನು ಹೇಳಬೇಕು, ನನ್ನ ಎದುರಿಗೆ.

ಮೂರು ದಿನ ನಾನೂ ಫಕೀರವ್ವನೂ ಮನೆಮನೆ ತಿರುಗಿದೆವು. ಚಾ ಕೊಟ್ಟರು, ಚೂಡಾ ಕೊಟ್ಟರು, ಮಾತು ಕೊಡಲಿಲ್ಲ. ದರ್ಜಿ ತನ್ನ ಬಾಗಿಲಿಲ್ಲದ ಅಂಗಡಿಯಲ್ಲಿ ಕೂತು, “ನನ್ನ ಬಾಗಲಾ ಹೋಗೂ ಮನಸ್ಸಿತ್ತು, ಹೋತ್ರಿ,” ಎಂದ.

ಸೋಮವಾರ ಊರೆಲ್ಲ ಬಯಲಿನಲ್ಲಿ ಸೇರಿತು. ಮಂಡಳಿಯವರು ಓದಲು ಎದ್ದು ನಿಂತರು. ನಾನು ದೊಡ್ಡ ಪುಸ್ತಕ ಎದೆಗೆ ಅವಚಿಕೊಂಡು ಎದ್ದು, ಕಾಯ್ದೆಯ ಕೊನೆಯ ಪುಟ ಓದಿ, “ಯಾರಾದರೂ ಹೇಳೂದಿತ್ತಂದ್ರ ಈಗ ಹೇಳ್ರಿ,” ಎಂದೆ. ಯಾರೂ ಏಳಲಿಲ್ಲ. ರಕ್ತವಾದಿ ಕನ್ನಡಕ ಏರಿಸಿ ಶರಾವತಿಯ ಹೆಸರಿನ ಮೊದಲ ಅಕ್ಷರ ಉಚ್ಚರಿಸಿದರು.

ಆಗ ಮುಂದಿನ ಸಾಲಿನಿಂದ ಅಡಿವೆಪ್ಪ ಸಾಹೇಬರು ಎದ್ದರು.

“ದರ್ಜಿ ಅಂಗಡಿ ಬಾಗಲಾ,” ಎಂದರು. “ಅದು ತಾನಾಗಿ ಹೋಗಿಲ್ಲ. ನಾನ ಒಯ್ದೀನಿ. ಕಲಶಕ್ಕ ಗೂಡು ಮಾಡಾಕ ಅಂಥಾ ಸಾಗವಾನಿ ಎಲ್ಲೂ ಸಿಗಲಿಲ್ಲ.”

ದರ್ಜಿ ಎದ್ದು ನಿಂತ. ಸಾಹೇಬರನ್ನು ಹೊಡೆಯುತ್ತಾನೆ ಎಂದುಕೊಂಡೆ. ಅವನು ನನ್ನ ಕಡೆ ತಿರುಗಿ, “ಹಂಗಾರ ಬರಕೊಳ್ರಿ ಅಕ್ಕಾರ, ನಂದು ಕಳವಾಗೇತಿ,” ಎಂದ. ಅನಂತರ, “ಮತ್ತ ಸಾಹೇಬ್ರ, ನಿಮ್ಮ ಕುಕ್ಕರ್ ನನ್ನ ಮನ್ಯಾಗ ಐತಿ,” ಎಂದ.

ಮಧ್ಯಾಹ್ನದವರೆಗೆ ನಾನು ತಲೆಯೆತ್ತಲಿಲ್ಲ. ಜನ ಸಾಲುಗಟ್ಟಿ ಬಂದು ಹೇಳಿದರು, ಕೆಲವರು ಎರಡೆರಡು ಸಲ ಬಂದರು, ಕಳೆದುಕೊಂಡವರಾಗಿ ಒಮ್ಮೆ, ಒಯ್ದವರಾಗಿ ಒಮ್ಮೆ. ಹಪ್ಪಳ ಒಯ್ದವಳು, ಮಂಚ ಮಾತ್ರ ತಾನು ಮುಟ್ಟಿಲ್ಲವೆಂದು ಆಣೆ ಮಾಡಿದಳು. ಹನ್ನೊಂದು ವರ್ಷ ಬಾಯಿ ಕಟ್ಟಿದ್ದ ಊರು ಅವತ್ತು ಹೊಟ್ಟೆ ತುಂಬಾ ಮಾತಾಡಿತು. ಸಂಗವಾದಿ ಬಾಯಿಯವರ ಪುಸ್ತಕ ಮುಗಿದುಹೋಗಿ ಸೀರೆಯ ಸೆರಗಿನ ಮೇಲೆ ಬರೆದುಕೊಂಡರು. ಮೊದಲ ಕಾಲಂ ಆರುನೂರ ಹನ್ನೆರಡು, ಎರಡನೆಯದು ಶೂನ್ಯ. ಮಂಡಳಿಯವರು ಕೂತು ಲೆಕ್ಕ ಹಾಕಿದರು. ಊರಿನ ಎಲ್ಲರನ್ನೂ ಬೇರೆ ಊರುಗಳಿಗೆ ಹಂಚಿದರೆ ಬಾಗಿಲು ತರಗತಿಯ ಮಾಸ್ತರರ ಮನೆಯಲ್ಲೂ ನಮ್ಮವರು ಇಬ್ಬರು ಇರಬೇಕಾಗುತ್ತಿತ್ತು. ಹೆಚ್ಚಿನ ಅಧ್ಯಯನ ಬೇಕು ಎಂದು ಬರೆದು, ಸಂಜೆಯ ಬಂಡಿ ಹತ್ತಿ ಹೋದರು. ವರದಿಯ ಒಂಬತ್ತನೆಯ ಸಂಪುಟ ಮೊನ್ನೆ ಬಂದಿದೆ. ಅದರಲ್ಲಿ ಇನ್ನೂ ಹುಂಜದ ಬಾಲ್ಯವಿದೆ.

ಎಲ್ಲವೂ ಸುಖವಾಯಿತು ಎಂದು ಹೇಳಲಾರೆ. ರಾಜ್ಯದಲ್ಲೇ ಅತ್ಯಂತ ಕಳ್ಳರ ಊರು ಎಂದು ಹೆಸರಾಗಿ, ಎರಡು ವರ್ಷ ನಮಗೆ ಯಾರೂ ಹೆಣ್ಣು ಕೊಡಲಿಲ್ಲ, ತೆಗೆದುಕೊಳ್ಳಲಿಲ್ಲ. ಬಸ್ಸು ನಮ್ಮಲ್ಲಿ ನಿಂತಾಗ ಪ್ರಯಾಣಿಕರು ಚಪ್ಪಲಿ ಎತ್ತಿ ತೊಡೆಯ ಮೇಲಿಟ್ಟುಕೊಳ್ಳುತ್ತಿದ್ದರು. ಸಾಹೇಬರಿಗೆ ಹಿಂಬಡ್ತಿಯಾಯಿತು. ಸಂಜೆಯ ಪಗಡೆಯಲ್ಲಿ ಮಾತ್ರ ಅವರ ಸ್ಥಾನ ಹಾಗೇ ಉಳಿಯಿತು. ಶರಾವತಿ ಮೂರು ವರ್ಷದ ಮೇಲೆ ತನಗೆ ಬೇಕಾದವನನ್ನು ಮದುವೆಯಾದಳು. ಮೊದಲಿನ ಗಂಡಿನವರು ಮತ್ತೆ ತಟ್ಟೆ ಹಿಡಿದು ಬಂದಾಗ, ಅದನ್ನು ಬಾಗಿಲಲ್ಲೇ ಇಟ್ಟು ಹೋಗಲು ಹೇಳಿದಳಂತೆ. ಮಾಸ್ತರರಿಗೆ ಫಕೀರವ್ವ ತಾನೇ ಶಿಕ್ಷೆ ಕೊಟ್ಟಳು. ದಿನಾ ಬೆಳಿಗ್ಗೆ ಅವಳ ಅಂಗಳದಲ್ಲಿ ಕೂತು ಸುದ್ದಿ ಓದಬೇಕು, ಆಕೆ ಸೊಪ್ಪು ಸೋಸುವವರೆಗೆ. ಹುಂಜ ಸತ್ತ ಮೇಲೂ ಆರು ವರ್ಷ ಓದಿದರು.

ಇಷ್ಟು ಬರೆದು ಮುಗಿಸಬಹುದಿತ್ತು. ಅಂಚೆಯವನು ಹೊರಗೆ ಕಾಯುತ್ತಿದ್ದಾನೆ. ಆದರೆ ಈ ಕಾಗದ ಬರೆದದ್ದು ಬೇರೆ ಕಾರಣಕ್ಕೆ.

ಆ ಸೋಮವಾರ ಎಲ್ಲರೂ ಎದ್ದು ಬಂದು ಹೇಳುವಾಗ ಪುಸ್ತಕ ನನ್ನ ಕೈಯಲ್ಲಿತ್ತು, ಬರೆಯುವವಳನ್ನು ಯಾರೂ ಕೇಳಲಿಲ್ಲ. ಅದೇ ವರ್ಷದ ಜನವರಿಯಲ್ಲಿ ಗೆಳತಿ ಕಸ್ತೂರಿಯ ಮನೆಗೆ ಊಟಕ್ಕೆ ಹೋಗಿ, ಬರುವಾಗ ಅವಳ ಹಿತ್ತಾಳೆಯ ಅಡಕತ್ತರಿಯನ್ನು ಚೀಲಕ್ಕೆ ಹಾಕಿಕೊಂಡಿದ್ದೆ. ಗಿಳಿಯ ಆಕಾರದ್ದು, ಅವಳ ತಾಯಿಯದು. ನಾನು ಅಡಿಕೆ ತಿನ್ನುವವಳಲ್ಲ. ನಮ್ಮ ಮನೆತನದಲ್ಲಿ ಎಲ್ಲರ ಕಿವಿ ನೆಟ್ಟಗಿವೆ. ಯಾಕೆ ತಂದೆ ಎಂದು ಇಷ್ಟು ವರ್ಷ ನನ್ನನ್ನೇ ಕೇಳಿಕೊಂಡಿದ್ದೇನೆ, ಗೊತ್ತಾಗಿಲ್ಲ. ತಾನೇ ಎಲ್ಲೋ ಇಟ್ಟು ಮರೆತೆನೆಂದು ಅವಳು ನಂಬಿದ್ದರಿಂದ ಅದು ಯಾವ ಕಾಲಂನಲ್ಲೂ ಸೇರಲಿಲ್ಲ. ಈಗಲೂ ನಮ್ಮ ಮನೆಗೆ ಬಂದಾಗ ಕಸ್ತೂರಿ ಅಡಿಕೆಯನ್ನು ಹಲ್ಲಿನಿಂದಲೇ ಒಡೆಯುತ್ತಾಳೆ. ಹೋದ ವರ್ಷ ಒಂದು ಹಲ್ಲು ಹೋಯಿತು.

ನಾಳೆ ನನಗೆ ಕಚೇರಿ ಇಲ್ಲ. ಅಡಕತ್ತರಿಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಮೇಜಿನ ಮೇಲಿಟ್ಟಿದ್ದೇನೆ. ಅವಳ ಮನೆ ಇಲ್ಲಿಂದ ನಾಲ್ಕೇ ಓಣಿ. ಹೋದೆನೋ ಇಲ್ಲವೋ ಎಂದು ನಿಮಗೆ ತಿಳಿಸಲು ದಾರಿಯಿಲ್ಲ. ನಿಮ್ಮಲ್ಲಿ ಯಾರಾದರೂ ನಮ್ಮ ಲೆಕ್ಕವನ್ನು ಎಲ್ಲಿಯಾದರೂ ಬರೆದಿಟ್ಟುಕೊಳ್ಳುವವರಿದ್ದರೆ, ದಯವಿಟ್ಟು ಆರುನೂರ ಹದಿಮೂರು ಎಂದು ಬರೆದುಕೊಳ್ಳಿ.

ಇಂತು,
ನೀಲಗಂಗಾ ಹಾದಿಮನಿ